ಒಲ್ಲೆ ಎನ್ನುವುದಕ್ಕೆ ಹತ್ತು ಅಂಕ

ಆಗೋದಿಲ್ಲ ಅಂದರೆ ಆಗೋದಿಲ್ಲ.

ಆನವಟ್ಟಿಯಲ್ಲಿ ಬಸ್ಸು ಹತ್ತಿದಾಗಿನಿಂದ ನಾಗಶ್ರೀ ಇದೊಂದೇ ಮಾತನ್ನು ತುಟಿ ಅಲುಗಿಸದೆ ಅಭ್ಯಾಸ ಮಾಡುತ್ತಿದ್ದಳು. ಶಿರಾಳಕೊಪ್ಪದವರೆಗೆ ಸಿಟ್ಟಿನಲ್ಲಿ, ಅಲ್ಲಿಂದ ಮುಂದೆ ವಿನಯದಲ್ಲಿ. ಶಿಕಾರಿಪುರದಲ್ಲಿ ಇಳಿಯುವಾಗ ಎರಡೂ ಕಲಸಿಹೋಗಿದ್ದವು.

ಭಾನುವಾರ ಕುಪ್ಪಗಡ್ಡೆಯವರು ಬಂದು ಅವಳನ್ನು ನೋಡಿಹೋಗಿದ್ದರು. ಹುಡುಗ ಮಾತಾಡಲಿಲ್ಲ, ಅವನ ಪಾಲಿನದನ್ನೂ ಅವನಪ್ಪ ಹುಚ್ಚರಾಯಪ್ಪನವರೇ ಆಡಿ ಮುಗಿಸಿದರು. ಮದುವೆಯಾದ ಮೇಲೆ ಕಾಲೇಜಿನ ಕೆಲಸ ಬಿಡಬೇಕು. ಓದಿದ ಹುಡುಗಿ, ಅವಳ ಬಾಯಿಂದಲೇ ಕೇಳೋಣ, ಬುಧವಾರ ಮಧ್ಯಾಹ್ನ ಫೋನು ಮಾಡುತ್ತೇವೆ ಎಂದಿದ್ದರು. ಇವತ್ತು ಬುಧವಾರ. ಅವ್ವ ಗುಡ್ಡಮ್ಮ ಬೆಳಿಗ್ಗೆ ಬುತ್ತಿಗೆ ಒಂದು ರೊಟ್ಟಿ ಹೆಚ್ಚು ಹಾಕಿದ್ದಳು.

ಕಾಲೇಜಿನಲ್ಲಿ ನಾಗಶ್ರೀ ಅತಿಥಿ ಉಪನ್ಯಾಸಕಿ. ಅತಿಥಿಯಾಗಿ ಬಂದು ಇದು ಐದನೆಯ ವರ್ಷ. ಪಾಠ ಒಂದು ಹಳೆಯ ಇಂಗ್ಲಿಷ್ ಕಾದಂಬರಿ. ಅದರ ನಾಯಕಿ, ಆಸ್ತಿಪಾಸ್ತಿ ಇಲ್ಲದವಳು, ಮದುವೆಯಾಗು ಎಂದು ಬಂದ ಸಿರಿವಂತನ ಮುಖಕ್ಕೇ ಒಲ್ಲೆ ಎನ್ನುತ್ತಾಳೆ. ಆ ಒಲ್ಲೆಗೆ ಪರೀಕ್ಷೆಯಲ್ಲಿ ಹತ್ತು ಅಂಕ. ನಾಗಶ್ರೀ ಅದನ್ನು ಎಷ್ಟು ನೆಟ್ಟಗೆ ನಿಂತು ಓದಿದಳೆಂದರೆ, ಸ್ಪಂದನ ಎಂಬ ಹುಡುಗಿ ಬರೆಯುವುದನ್ನು ನಿಲ್ಲಿಸಿ ಕೇಳಿದಳು:

"ಮಿಸ್, ನೀವಾಗಿದ್ರೆ?"

"ಪರೀಕ್ಷೆಗೆ ಅದು ಬರಲ್ಲ. ಬರ್ಕೊ."

ಹನ್ನೆರಡೂವರೆಗೆ ಸ್ಟಾಫ್ ರೂಮಿನಲ್ಲಿ ಫೋನು ಬಂತು. ಗುರುತಿಲ್ಲದ ನಂಬರು. ಮೊದಲು ಕೆಮ್ಮು, ಆಮೇಲೆ ದನಿ.

"ನಾನವ್ವ, ಹುಚ್ಚರಾಯಪ್ಪ. ಕೆಲ್ಸ ಬಿಡೋದು ಆಗ್ತದೋ, ಇಲ್ಲೋ?"

ನಾಗಶ್ರೀ ಎದ್ದು ನಿಂತಳು. ಎಡಗೈ ತಾನಾಗಿಯೇ ಸೆರಗನ್ನು ತಲೆಯ ಮೇಲೆ ಎಳೆಯಿತು.

"ಹೂಂ ಮಾವಾ. ನೀವು ಹೆಂಗೆ ಹೇಳ್ತೀರೋ ಹಂಗೆ."

ಫೋನು ಕಟ್ಟಾಯಿತು. ಅವಳು ಅದನ್ನು ಮೇಜಿನ ಮೇಲಿಟ್ಟಳು. ಪಕ್ಕದ ಲೈಬ್ರರಿಯಿಂದ ಕಾಮರ್ಸ್ ಉಪನ್ಯಾಸಕ ಹೇಮಂತ್ ಯಾರದೋ ಫೋನು ಹಿಡಿದುಕೊಂಡು ಹೊರಗೆ ಬಂದ. ಅವನೂ ಕುಪ್ಪಗಡ್ಡೆಯವನೇ, ಪ್ರಿನ್ಸಿಪಾಲರಿಂದ ಬಸ್ಸಿನ ಕಂಡಕ್ಟರನವರೆಗೆ ಯಾರ ದನಿಯನ್ನಾದರೂ ಅನುಕರಿಸುವವನು. ಎದುರು ಕುಳಿತಿದ್ದ ಗೆಳತಿ ಶ್ರೀಲತಾ, ಈ ಸಂಬಂಧದ ವಿಷಯವೆಲ್ಲ ಗೊತ್ತಿದ್ದು ಅವನಿಗೂ ಹೇಳಿದ್ದವಳು, ಮೇಜಿಗೆ ತಲೆಯಿಟ್ಟು ನಗುತ್ತಿದ್ದಳು.

"ನೀವು ಬೈತೀರಿ ಅಂದ್ಕೊಂಡಿದ್ದೆ ರೀ ಮೇಡಂ," ಎಂದ ಹೇಮಂತ್, ಈಗ ತನ್ನದೇ ದನಿಯಲ್ಲಿ. "ಬೈಸ್ಕೊಳ್ಳೋಕೇ ಮಾಡಿದ್ದು."

ಆಗ ನಾಗಶ್ರೀ ನಕ್ಕಳು. ಶ್ರೀಲತಾಳ ನಗು ಮುಗಿಯಿತು. ಹೇಮಂತ್ ನಗಲು ನೋಡಿ ಸುಮ್ಮನಾದ. ಅವಳು ನಗುತ್ತಲೇ ಇದ್ದಳು.

ಮೇಜಿನ ಮೇಲೆ ಅವಳ ಫೋನು ಮತ್ತೆ ಹೊಡೆದುಕೊಳ್ಳತೊಡಗಿತು. ಮತ್ತೊಂದು ಗುರುತಿಲ್ಲದ ನಂಬರು. ಮೂವರೂ ಹೇಮಂತನ ಕೈ ನೋಡಿದರು. ಅಲ್ಲಿದ್ದ ಫೋನು ಸುಮ್ಮನಿತ್ತು.

ನಾಗಶ್ರೀ ಸೆರಗು ಇಳಿಸಲು ಕೈಯೆತ್ತಿದಳು. ಬೆರಳುಗಳು ಅಂಚನ್ನು ಹಿಡಿದು ಇನ್ನಷ್ಟು ಮುಂದಕ್ಕೆ, ಹಣೆ ದಾಟಿ, ಕಣ್ಣಿನ ಮೇಲಕ್ಕೆ ಎಳೆದವು. ಅದರೊಳಗಿನಿಂದ ನಗು ಬರುತ್ತಲೇ ಇತ್ತು, ಜೋರಾಗಿ, ಕಾರಿಡಾರಿನ ಹುಡುಗಿಯರು ನಿಂತು ತಿರುಗಿ ನೋಡುವಷ್ಟು ಜೋರಾಗಿ.