ಅಗ್ನಿಮೂಲೆಯ ಕಿಟಕಿ

ಕತ್ತಿನ ಹಿಂದೆ ತಣ್ಣಗೆ ಏನೋ ಹರಿದಾಡಿತು, ಅಂಗಡಿಯ ಸೂರಿನಿಂದ ಸುರಿಯುವ ಗಾಳಿ, ಅಂಜಮ್ಮ ಸೆರಗು ಹೊದ್ದುಕೊಂಡಳು, ಹಾಳು ಥಂಡಿ, ಯಾರಿಗೆ ಬೇಕಿತ್ತು — ಟೈ ಕಟ್ಟಿದ ಸೇಲ್ಸ್‌ನವನು ಗಂಡ ಮಾಯಣ್ಣನಿಗೆ ಚೀಟಿಯ ಮೇಲಿನ ನಕ್ಷತ್ರ ತೋರಿಸುತ್ತಿದ್ದಾನೆ, ಈ ಎಸಿ ಫೈವ್ ಸ್ಟಾರ್ ಸಾರ್, ಕರೆಂಟ್ ತುಂಬಾ ಕಮ್ಮಿ ಎಳೆಯುತ್ತೆ, ಮಾಯಣ್ಣ ತರಗುಪೇಟೆಯ ಮಂಡಿಯಲ್ಲಿ ತೊಗರಿಬೇಳೆ ಕೆರೆದು ನೋಡುವ ಹಾಗೆ ಆ ಚೀಟಿಯನ್ನು ಉಗುರಿನಲ್ಲಿ ಕೆರೆಯುತ್ತಿದ್ದಾನೆ, ನಕ್ಷತ್ರ ಉದುರೀತೋ ಏನೋ ಎಂದು, ಬೇಳೆ ಬಿಟ್ಟರೆ ಇನ್ನೇನು ಕಂಡಿದ್ದಾನೆ ಇವನು. ಬೆಳಿಗ್ಗೆಯೂ ಹೀಗೆಯೇ, ವಾಸ್ತು ಹೇಳುವ ವಿಶ್ವಾರಾಧ್ಯನ ಮುಂದೆ ಕೈಕಟ್ಟಿ ಕೂತಿದ್ದ, ಆ ಮಹಾನುಭಾವ ಅವಳದೇ ಕಾಫಿ ಕುಡಿದು ಅವಳಿಗೇ ತಂದಿಟ್ಟ, ಹೊರಗಡೆ ಇಡೋ ಮಿಷನ್ನು ಬಿಸಿ ಉಗುಳುತ್ತೆ ಮಾಯಣ್ಣೋರೆ, ಬೆಂಕಿ ಸಮಾನ, ಈಶಾನ್ಯದಲ್ಲಿ ಕೂಡದು, ಅಗ್ನಿಮೂಲೇಲೇ ಇರ್ಬೇಕು. ತಂಪು ಬೇಕಾಗಿರುವುದು ಮಗ ಕುಶಾಲ್ ಮತ್ತು ಸೊಸೆಯ ಕೋಣೆಗೆ, ಅದು ಮನೆಯ ಆ ತುದಿ, ಅಗ್ನಿಮೂಲೆ ಈ ತುದಿ, ಅಡುಗೆಮನೆ, ಪೈಪು ಉದ್ದ ಆದ್ರೆ ಆಗ್ಲಿ ಬಿಡಿ ಎಂದ ಮಾಯಣ್ಣ, ಸೋಫಾ ಬಿಟ್ಟು ಏಳಲಿಲ್ಲ, ವಿಶ್ವಾರಾಧ್ಯನೇ ಓಣಿಗೆ ಹೋಗಿ ಸೀಮೆಸುಣ್ಣದಲ್ಲಿ ಚೌಕ ಎಳೆದ, ಅರ್ಧ ಗೋಡೆಯ ಮೇಲೆ, ಅರ್ಧ ಅವಳ ಕಿಟಕಿಯ ಹಸಿರು ಕದದ ಮೇಲೆ. ಹೊರಕ್ಕೆ ತೆರೆಯುವ ಕದ ಅದು, ಮಿಷನ್ನು ಕೂತರೆ ಇನ್ನು ತೆರೆಯುವ ಹಾಗಿಲ್ಲ. ವಿಶ್ವಾರಾಧ್ಯ ಹೋದ ಮೇಲೆ ಒದ್ದೆ ಬಟ್ಟೆ ತಂದು ಉಜ್ಜಿದಳು, ಚೌಕ ಮಾಯವಾಯಿತು, ಪಾಪಿಗಳು, ಎಂದು ನೆಮ್ಮದಿಯಾಗಿ ಒಳಗೆ ಬಂದು ಒಗ್ಗರಣೆ ಹಾಕಿ ಮತ್ತೆ ನೋಡಿದರೆ, ಒಣಗಿದ ಕದದ ಮೇಲೆ ಬೆಳ್ಳಗೆ ಎದ್ದು ಕೂತಿದೆ. ಮತ್ತೆ ಉಜ್ಜಿದಳು. ಮತ್ತೆ ಎದ್ದಿತು.

ಮುದ್ದೆ ತೊಳಸಿ ತೋಳು ಬಿದ್ದುಹೋದಾಗ ಅವಳು ಮುಖ ಇಡುವುದು ಅದೇ ಕಿಟಕಿಯ ಸರಳಿಗೆ, ಅತ್ತೆ ಬೈದ ದಿನಗಳಲ್ಲಿ ಅತ್ತದ್ದೂ ಅಲ್ಲೇ, ಇಡೀ ಮನೆಯಲ್ಲಿ ಅವಳದು ಅನ್ನುವುದು ಅಷ್ಟಗಲ ಗಾಳಿ, ಈಗ ಇವರು ಕದ ಹಾಕಿಕೊಂಡು ನಿದ್ದೆಮಾಡಿದ ಕೋಣೆಯ ಬಿಸಿಯನ್ನೆಲ್ಲ ತಂದು ಅಲ್ಲಿ ಸುರಿಯಬೇಕು, ಸುರಿಯಲಿ, ಉರಿದುಹೋಗಲಿ ಎಲ್ಲ — ಅತ್ತೆ, ನಿಮಗೂ ಒಳ್ಳೇದೇ, ಮಧ್ಯಾಹ್ನ ನಮ್ಮ ರೂಮಲ್ಲಿ ಬಂದು ಕೂತ್ಕೊಳ್ಳಿ, ಎನ್ನುತ್ತಿದ್ದಾಳೆ ಅಂಗಡಿಯಲ್ಲಿ ಪಕ್ಕ ನಿಂತ ಸೊಸೆ ಯಶಶ್ರೀ, ನಮ್ಮ ರೂಮಂತೆ, ಬಾಗಿಲು ತಟ್ಟಿ ತಂಪು ಬೇಡಬೇಕು, ಈ ನಗು ಕಂಡರೇ ಮೈ ಉರಿಯುತ್ತದೆ. ಫೈವ್ ಸ್ಟಾರ್‌ಗೆ ಔಟ್‌ಡೋರ್ ಮಿಷನ್ನು ಸ್ವಲ್ಪ ದೊಡ್ಡದು ಸಾರ್, ಎಂದ ಸೇಲ್ಸ್‌ನವನು, ಗಾಳಿಯಾಡೋ ಕಡೆ ಇಡ್ಬೇಕು, ಬಿಸಿ ಜಾಗ ಆದ್ರೆ ಸ್ಟಾರೆಲ್ಲ ವೇಸ್ಟು. ಜಾಗ ಆಗ್ಲೇ ನೋಡ್ಸಿದೀವಿ ಬಿಡಪ್ಪ, ಎಂದ ಮಾಯಣ್ಣ, ಒಲೆಯ ಪಕ್ಕದ ಜಾಗ ಎಂದು ಹೇಳಲಿಲ್ಲ, ಅವಳೂ ಹೇಳುವುದಿಲ್ಲ, ಸಾಯಲಿ ಅವರ ನಕ್ಷತ್ರಗಳು. ಆಮೇಲೆ ಅವನು ಇವಳ ಕಡೆ ತಿರುಗಿದ, ದೊಡ್ಡ ಮನಸ್ಸು ಮಾಡಿ, ನೀನೂ ಒಂದ್ ಮಾತು ಹೇಳ್ಬಿಡು ಅಂಜು, ತಗೊಳ್ಳೋಣ್ವಾ. ಬಾಯಿ ತಾನಾಗಿ ತೆರೆಯಿತು, ಬೇಡ, ನನ್ನ ಕಿಟಕಿ ಮುಚ್ಚೋಗುತ್ತೆ. ಅವನಿಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ವಾಸಿಯಿತ್ತು, ಮದುವೆಯಾಗಿ ಇಷ್ಟು ವರ್ಷ ಅವಳ ಕೈಯಡುಗೆ ಉಂಡವನು ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದ, ಹುಬ್ಬು ಗಂಟಿಕ್ಕಿ, ಅಡುಗೆಮನೇಲಿ ಕಿಟಕಿ ಎಲ್ಲಿದೆಯೇ, ಎಂದ. ಅವಳ ಕಣ್ಣೊಳಗೆ ಹಸಿರು ಕದ, ಒದ್ದೆ ಹಸಿರು, ಅಂಚು ಒಣಗುತ್ತಿದೆ, ಬೆಳ್ಳಗೆ ಒಂದು ಗೆರೆ, ಇನ್ನೊಂದು ಗೆರೆ, ಚೌಕ.