ಅಚ್ಚಕ್ಕನ ಖಾಲಿ ಹಲಗೆ

ಕೃತಕ ಕಾಲು ಕೇಂದ್ರದ ಅಚ್ಚಿನ ಕೋಣೆಗೆ ಕಂಪ್ಯೂಟರ್ ತಂತ್ರಜ್ಞ ಬಂದದ್ದು ಅದು ಮೂರನೇ ಸಲ. ಮೂರು ವಾರಗಳಲ್ಲಿ ಈ ಕೋಣೆಯಿಂದ ಹನ್ನೊಂದು ಜನರ ಕಾಲಿನ ಅಳತೆ ಕಾರ್ಖಾನೆಗೆ ಹೋಗಬೇಕಿತ್ತು. ಒಂದೂ ತಲುಪಿರಲಿಲ್ಲ. ತಲುಪಿದ್ದು, ಹಿಂದಿನ ಎರಡು ಭೇಟಿಗಳಲ್ಲಿ ತಂತ್ರಜ್ಞ ಪರೀಕ್ಷೆಗೆಂದು ತಾನೇ ಕಳಿಸಿದ ಎರಡು ಫೈಲುಗಳು ಮಾತ್ರ.

“ನೀನು ಬಂದಾಗ ಎಲ್ಲ ಸರಿಯಾಗಿರತ್ತೆ ತಮ್ಮಾ,” ಎಂದಳು ಅಚ್ಚಕ್ಕ. “ಡಾಕ್ಟರ ಎದುರು ಕೂತ ತಕ್ಷಣ ಹಲ್ಲುನೋವು ಮಾಯ ಆಗೋ ಹಾಗೆ.”

ಅವಳ ಹೆಸರು ಹಾಜರಿ ಪುಸ್ತಕದಲ್ಲಿ ಬೇರೆಯೇ ಇತ್ತು. ಅದನ್ನು ಕೂಗಿದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಪ್ಲಾಸ್ಟರ್ ಪಟ್ಟಿಯನ್ನು ನೀರಿನಲ್ಲಿ ಅದ್ದುವುದು, ಕಾಲು ಕಳೆದುಕೊಂಡವರ ಉಳಿದ ಕಾಲಿಗೆ ಸುತ್ತುವುದು, ಗಟ್ಟಿಯಾದ ಮೇಲೆ ಅಚ್ಚನ್ನು ನಾಜೂಕಾಗಿ ಕಳಚುವುದು: ಇಪ್ಪತ್ತೊಂಬತ್ತು ವರ್ಷ ಅವಳು ಮಾಡಿದ್ದು ಇದನ್ನೇ. ಅಚ್ಚು ಪೆಟ್ಟಿಗೆ ಸೇರಿ, ಬಸ್ಸಿನಲ್ಲಿ ಅರವತ್ತು ಕಿಲೋಮೀಟರ್ ಆಚೆಯ ಕಾರ್ಖಾನೆಗೆ ಹೋಗುತ್ತಿತ್ತು. ಅಲ್ಲಿ ಅದರ ಪ್ರಕಾರ ಕಾಲು ಕೂರುವ ಬಟ್ಟಲು ತಯಾರಾಗುತ್ತಿತ್ತು. ಹತ್ತರಲ್ಲಿ ಒಂದು ಅಚ್ಚು ದಾರಿಯಲ್ಲೇ ಒಡೆಯುತ್ತಿತ್ತು.

ಈಗ ಪ್ಲಾಸ್ಟರ್ ಇಲ್ಲ. ಇಸ್ತ್ರಿಪೆಟ್ಟಿಗೆಯಷ್ಟು ದೊಡ್ಡ ಸ್ಕ್ಯಾನರನ್ನು ಕಾಲಿನ ಸುತ್ತ ಆಡಿಸಿದರೆ ಅದರ ಆಕಾರ ಪರದೆಯ ಮೇಲೆ ಮೂಡುತ್ತದೆ. ಆ ಫೈಲನ್ನು ‘ಕಾಲು’ ಎಂಬ ಫೋಲ್ಡರಿನಲ್ಲಿ ಇಟ್ಟರೆ ಕಾರ್ಖಾನೆಯ ಕಂಪ್ಯೂಟರಿನಲ್ಲೂ ಅದು ಕಾಣಿಸಿಕೊಳ್ಳುತ್ತದೆ. ಕಾಣಿಸಿಕೊಳ್ಳಬೇಕು.

ಗೋಡೆ ಬದಿಯ ಬೆಂಚಿನ ಮೇಲೆ ಬಸ್ ಕಂಡಕ್ಟರ್ ಕೂತಿದ್ದಳು, ಊರುಗೋಲುಗಳನ್ನು ಪಕ್ಕಕ್ಕೆ ಒರಗಿಸಿಕೊಂಡು. ಹದಿನಾರು ವರ್ಷ ಒಂದೇ ದಾರಿಯ ಬಸ್ಸಿನಲ್ಲಿ ಟಿಕೆಟ್ ಕೊಟ್ಟವಳು. ಹಿಂದಿನ ವರ್ಷದ ಅಪಘಾತದಲ್ಲಿ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಬರುವ ತಿಂಗಳ ಒಂದನೇ ತಾರೀಖು ಡಿಪೋದ ವೈದ್ಯರು ಅವಳನ್ನು ಪರೀಕ್ಷಿಸುವವರಿದ್ದರು. ಬಸ್ಸಿನ ಮೆಟ್ಟಿಲು ಹತ್ತಿ, ಓಡುವ ಬಸ್ಸಿನಲ್ಲಿ ನಿಂತು ತೋರಿಸಿದರೆ ಹಳೆಯ ಕೆಲಸ. ಇಲ್ಲದಿದ್ದರೆ ಶಾಶ್ವತವಾಗಿ ಪಾಸ್ ಕೊಡುವ ಕಿಟಕಿ. ಅಂದು ಹದಿನೇಳನೇ ತಾರೀಖು.

“ಕೂತ್ಕೊಂಡು ಟಿಕೆಟ್ ಕೊಡೋಕೆ ನಾನೇನು ಸಿನಿಮಾ ಟಾಕೀಸಾ?” ಎಂದಳು ಕಂಡಕ್ಟರ್. “ನನ್ನ ಕಾಲು ಎಲ್ಲಿಗೆ ಬಂತು, ಅಚ್ಚಕ್ಕಾ? ಅದೊಂದು ಹೇಳಿ.”

“ಹೋದ ವಾರವೇ ಹೋಯ್ತಲ್ಲ. ನಾನೇ ಕೈಯಾರೆ ಕಳಿಸಿದೀನಿ.”

“ಕಾಲು ನನಗಿಂತ ಮೊದಲೇ ಹೊರಟುಬಿಡ್ತು ಅನ್ನಿ.”

ನಾಲ್ಕು ಗಂಟೆಯ ಬಸ್ಸಿಗೆ ಅವಳು ನಗುತ್ತಲೇ ಹೋದಳು. ತಂತ್ರಜ್ಞ ತಲೆ ಎತ್ತಲಿಲ್ಲ. ಕಾರ್ಖಾನೆಯ ಮೇಲ್ವಿಚಾರಕಿ ಬೆಳಿಗ್ಗೆ ಅವನಿಗೆ ಫೋನ್ ಮಾಡಿ, “ಆಕೆಗೆ ಕಲಿಯೋಕೆ ಆಗ್ತಿಲ್ಲ ಅಂದ್ರೆ ಹಾಗಂತ ಹೇಳಿಬಿಡಿ, ಪ್ಲಾಸ್ಟರ್ರೇ ಇರ್ಲಿ” ಎಂದಿದ್ದಳು. ಅವನು ಆರು ಕೇಂದ್ರಗಳಲ್ಲಿ ಈ ವ್ಯವಸ್ಥೆ ಹಾಕಿಕೊಟ್ಟಿದ್ದ. ಐದು ಕಡೆ ಗೊಣಗಾಟವೇ ಇರಲಿಲ್ಲ.

ಮೊದಲೇ ಮಾಡಬೇಕಿದ್ದ ಕೆಲಸವನ್ನು ಅವನು ಆಗ ಮಾಡಿದ. ಫೋಲ್ಡರಿನಲ್ಲಿ ಯಾವ ಫೈಲು ಯಾವಾಗ ಬಂತು, ಯಾವಾಗ ಹೋಯಿತು ಎಂಬ ದಾಖಲೆಯನ್ನು ತೆರೆದ. ಫೈಲುಗಳು ಮಧ್ಯಾಹ್ನ ಮೂರರಿಂದ ನಾಲ್ಕೂವರೆಯ ನಡುವೆ ಬಂದಿದ್ದವು. ಪ್ರತಿದಿನ ಐದು ಗಂಟೆಗೆ, ಒಂದೆರಡು ನಿಮಿಷ ಹಿಂದೆ ಮುಂದೆ, ಎಲ್ಲವೂ ಅಳಿಸಿಹೋಗಿದ್ದವು. ಕಾರ್ಖಾನೆಯಲ್ಲಿ ಕಂಪ್ಯೂಟರ್ ಇರುವ ಕೋಣೆಗೆ ಮೂರಕ್ಕೇ ಬೀಗ ಬೀಳುತ್ತದೆ. ಕಂಪ್ಯೂಟರ್ ಮತ್ತೆ ಕಣ್ಣು ಬಿಡುವುದು ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ. ಅಷ್ಟರಲ್ಲಿ ಇಲ್ಲಿ ಏನೂ ಇರುತ್ತಿರಲಿಲ್ಲ. ಅವನು ಪರೀಕ್ಷೆ ಮಾಡುತ್ತಿದ್ದದ್ದು ಹನ್ನೊಂದು ಗಂಟೆಗೆ, ಎರಡೂ ಕಡೆಯ ಕಂಪ್ಯೂಟರ್ ಎಚ್ಚರವಿದ್ದಾಗ.

“ಅಕ್ಕಾ, ಈ ಮಿಷನ್ನಿನಲ್ಲಿ ಐದು ಗಂಟೆಗೆ ಏನೋ ಒಂದು ಎದ್ದು ಕೂರುತ್ತೆ,” ಎಂದ. “ಅದು ಏನು ಅಂತ ಇವತ್ತು ಕಾದು ನೋಡ್ತೀನಿ.”

“ನೋಡಪ್ಪ. ಕಳ್ಳ ಸಿಕ್ಕಿದ್ರೆ ನನಗೂ ತೋರಿಸು.”

ಐದಕ್ಕೆ ಹತ್ತು ನಿಮಿಷ ಇದ್ದಾಗ ಅಚ್ಚಕ್ಕ ಎದ್ದಳು. ಬಕೆಟ್ ತೊಳೆದು ಕವುಚಿದಳು. ಅಳತೆ ಟೇಪನ್ನು ಸುತ್ತಿ ಡಬ್ಬಕ್ಕೆ ಹಾಕಿದಳು. ಗೋಡೆಯ ಉದ್ದಕ್ಕೂ ಇದ್ದ ಮರದ ಹಲಗೆಯನ್ನು, ಅದರ ಮೇಲೆ ಮೂರು ವಾರದಿಂದ ಒಂದೂ ಅಚ್ಚು ಇರದಿದ್ದರೂ, ಒದ್ದೆ ಬಟ್ಟೆಯಿಂದ ಈ ತುದಿಯಿಂದ ಆ ತುದಿಗೆ ಒರೆಸಿದಳು. ಆಮೇಲೆ ಕೈ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಬಂದು, “ಸ್ವಲ್ಪ ಸರಿ ತಮ್ಮಾ” ಎಂದು, ಕುರ್ಚಿಯ ತುದಿಯಲ್ಲಿ ಕೂತು, ‘ಕಾಲು’ ಫೋಲ್ಡರನ್ನು ತೆರೆದಳು. ಅಂದಿನ ಎರಡು ಫೈಲುಗಳಿದ್ದವು. ಎರಡನ್ನೂ ಅಳಿಸಿದಳು. ಪರದೆಯ ಮೂಲೆಯ ಕಸದ ಬುಟ್ಟಿಯನ್ನೂ ಖಾಲಿ ಮಾಡಿದಳು.

ಗೋಡೆ ಗಡಿಯಾರ ಐದು ಗಂಟೆ ಒಂದು ನಿಮಿಷ ತೋರಿಸುತ್ತಿತ್ತು.

“ಅಕ್ಕಾ,” ಎಂದ ತಂತ್ರಜ್ಞ, ತುಂಬಾ ಮೆಲ್ಲಗೆ, “ಈಗ ಏನು ಮಾಡಿದ್ರಿ?”

“ಏನು ಮಾಡಿದೆ? ಹಲಗೆ ಖಾಲಿ ಮಾಡಿದೆ.”

“ಬುಟ್ಟಿನೂ?”

“ಕಸ ಚೆಲ್ಲದೆ ಮನೆಗೆ ಹೋಗೋದುಂಟಾ?” ಅವಳು ಅವನ ಮುಖ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖದಲ್ಲಿದ್ದ ನಗು ಹೋಯಿತು. “ಯಾಕೆ? ಕಳ್ಳ ನಾನೇನಾ?”

ಅವನು ಖಾಲಿ ಫೋಲ್ಡರಿನತ್ತ ಬೆರಳು ತೋರಿಸಿದ.

“ಅದು ಹೋಗಿತ್ತಲ್ಲ! ನೀನೇ ಹೇಳಿದ್ದಲ್ವಾ? ಅಂಚೆ ಡಬ್ಬ ಇದ್ದ ಹಾಗೆ, ಅಕ್ಕಾ, ಹಾಕಿಬಿಟ್ರೆ ನಿಮ್ಮ ಕೆಲಸ ಮುಗೀತು ಅಂತ. ಡಬ್ಬಕ್ಕೆ ಹಾಕಿದ ಮೇಲೆ ಮನೇಲಿ ಉಳಿಯೋದು ನಕಲು. ನಕಲು ಇಟ್ಕೊಂಡು ಏನು ಮಾಡ್ಲಿ?”

ಹೇಳಿದ್ದ. ಆರು ಕೇಂದ್ರಗಳಲ್ಲೂ ಅದೇ ಮಾತು ಹೇಳಿದ್ದ. ಕೇಳುವವರಿಗೆ ಹೆದರಿಕೆಯಾಗದಿರಲಿ ಎಂದು ಆರಿಸಿಕೊಂಡ ಹೋಲಿಕೆ ಅದು, ಹೇಳಿ ಹೇಳಿ ಬಾಯಿಪಾಠವಾಗಿತ್ತು. ಉಳಿದ ಐದು ಕಡೆ ಯಾರೂ ಏನನ್ನೂ ಅಳಿಸದೆ ಇದ್ದದ್ದು ಅವನ ವಿವರಣೆ ಚೆನ್ನಾಗಿದ್ದುದರಿಂದ ಅಲ್ಲ; ಅವರಿಗೆ ಸಂಜೆ ಹಲಗೆ ಒರೆಸುವ ಅಭ್ಯಾಸ ಇರಲಿಲ್ಲ, ಅಷ್ಟೆ. ಅಳಿಸಿದ್ದನ್ನು ಒಂದು ತಿಂಗಳು ಕಾದಿಡುವ ಸೌಲಭ್ಯ ಈ ವ್ಯವಸ್ಥೆಯಲ್ಲಿ ಇತ್ತು. ಜಾಗ ಉಳಿಸಲೆಂದು ಅದನ್ನು ಚಾಲೂ ಮಾಡದೆ ಬಿಟ್ಟವನೂ ಅವನೇ.

“ತಪ್ಪು ನಂದು, ಅಕ್ಕಾ.”

“ಯಾರದ್ದಾದ್ರೂ ಆಗ್ಲಿ. ಹನ್ನೊಂದೂ ಹೋಯ್ತಾ?”

“ಇವತ್ತಿನ ಎರಡು ಸೇರಿ ಹದಿಮೂರು.”

“ಕಂಡಕ್ಟರಮ್ಮಂದು?”

“ಅದೂ.”

ಅಚ್ಚಕ್ಕ ಬೆಂಚಿನ ಮೇಲೆ, ಕಂಡಕ್ಟರ್ ಕೂತಿದ್ದ ಜಾಗದಲ್ಲೇ, ಕೂತಳು. ಯಾರೋ ಕೇಳಿದ್ದಕ್ಕೆ ಉತ್ತರ ಕೊಡುವವಳಂತೆ ಮಾತಾಡಿದಳು.

“ನಾನು ಕೆಲಸಕ್ಕೆ ಸೇರಿ ಮೂರನೇ ವರ್ಷ. ಒಂದು ಸಂಜೆ ಅವಸರದಲ್ಲಿ ಅವತ್ತಿನ ಅಚ್ಚನ್ನ ಹಲಗೆ ಮೇಲೇ ಬಿಟ್ಟು ಹೋದೆ. ಮಾರನೇ ದಿನ ಇನ್ನೊಂದು ಮಾಡಿ ಅದರ ಪಕ್ಕ ಇಟ್ಟೆ. ಎರಡೂ ಎಡಗಾಲು. ಚೀಟಿ ಒದ್ದೆಯಾಗಿ ಉದುರಿತ್ತು. ಯಾವುದು ಯಾರದ್ದು ಅಂತ ಅಂದಾಜಿನ ಮೇಲೆ ಪೆಟ್ಟಿಗೆಗೆ ಹಾಕಿದೆ. ಒಬ್ಬ ಬಡಗಿಗೆ ಬೇರೆಯವನ ಕಾಲು ಬಂತು. ಆ ಪುಣ್ಯಾತ್ಮ ಒಂದು ತಿಂಗಳು ಉಸಿರೆತ್ತದೆ ಹಾಕ್ಕೊಂಡ, ತಮ್ಮಾ. ಹುಣ್ಣಾಗಿ ಕೀವಾದ ಮೇಲೆ ಬಂದ. ‘ಹೊಸ ಚಪ್ಪಲಿ ಕಚ್ಚಲ್ವಾ, ಹಾಗೇ ಅಂದ್ಕೊಂಡೆ ಅಕ್ಕಾ’ ಅಂದ. ನನ್ನ ಒಂದು ಮಾತೂ ಬೈಲಿಲ್ಲ.” ಅವಳು ಹಲಗೆಯತ್ತ ಕೈ ತೋರಿಸಿದಳು. “ಅವತ್ತಿಂದ ಅದರ ಮೇಲೆ ಒಂದು ರಾತ್ರಿನೂ ಏನೂ ಉಳಿದಿಲ್ಲ.”

ತಂತ್ರಜ್ಞ ಕುರ್ಚಿಯನ್ನು ಬೆಂಚಿನ ಹತ್ತಿರ ಎಳೆದುಕೊಂಡ. ಅವಳಿಗೆ ಹೇಗೆ ಹೇಳುವುದು ಎಂದು ಯೋಚಿಸಿದ. ಕನ್ನಡಿ ಇದ್ದ ಹಾಗೆ ಎಂದ, ಅದೂ ಸರಿಯಿಲ್ಲ ಎಂದು ಅವನೇ ಬಿಟ್ಟ. ಎರಡು ಕಂಪ್ಯೂಟರಿಗೂ ಒಂದೇ ಫೋಲ್ಡರು ಎಂದ.

“ಒಂದೇ ಅಂದ್ರೆ? ಅಲ್ಲೊಂದು ಇಲ್ಲೊಂದು ಇಲ್ವಾ?”

“ಕಾಣೋದು ಎರಡು ಕಡೆ. ಇರೋದು ಒಂದೇ ಅಂತ ಇಟ್ಕೊಳ್ಳಿ. ಇಲ್ಲಿ ಇಟ್ರೆ ಅಲ್ಲೂ ಇರತ್ತೆ. ಇಲ್ಲಿ ತೆಗೆದ್ರೆ…”

ಅಚ್ಚಕ್ಕ ಕೈ ಎತ್ತಿ ಅವನನ್ನು ನಿಲ್ಲಿಸಿದಳು. ಅಚ್ಚಿನ ಕೋಣೆಗೂ ಪಕ್ಕದ ನಡಿಗೆ ಕೋಣೆಗೂ ನಡುವಿನ ಗೋಡೆಯಲ್ಲಿ ಒಂದು ಚೌಕ ಗೂಡಿತ್ತು, ಎರಡೂ ಕಡೆ ಬಾಯಿ ತೆರೆದದ್ದು. ಕಾಲುಚೀಲ, ಬೆಲ್ಟು, ಊರುಗೋಲಿನ ರಬ್ಬರು, ಏನು ಬೇಕಾದರೂ ಈ ಕಡೆಯಿಂದ ಇಟ್ಟರೆ ಆ ಕಡೆಯವರು ತೆಗೆದುಕೊಳ್ಳುತ್ತಿದ್ದರು. ಅವಳು ಎದ್ದು ಹೋಗಿ ಅಳತೆ ಟೇಪಿನ ಡಬ್ಬವನ್ನು ಅದರಲ್ಲಿಟ್ಟಳು. ಪಕ್ಕದ ಕೋಣೆಗೆ ಹೋಗಿ ಆ ಕಡೆಯಿಂದ ಬಗ್ಗಿ ನೋಡಿದಳು. ಗೂಡಿನ ಚೌಕಟ್ಟಿನಲ್ಲಿ ಅವಳ ಮುಖ ಕಂಡಿತು.

“ಇದು, ಅಲ್ವಾ? ಇಲ್ಲಿಂದಲೂ ಕಾಣತ್ತೆ, ಅಲ್ಲಿಂದಲೂ ಕಾಣತ್ತೆ. ಇವರು ಬರೋ ಮೊದಲೇ ನಾನು ಆ ಕಡೆಯಿಂದ ಎತ್ಕೊಂಡ್ರೆ ಇವರಿಗೆ ಸಿಗೋದು ಬರೀ ಗೂಡು.”

“ಅದೇ, ಅಕ್ಕಾ. ಅದೇ ಅದು.”

“ಇಷ್ಟನ್ನ ಹೇಳೋಕೆ ಅಂಚೆ ಡಬ್ಬ ಅಂದ್ಯಲ್ಲೋ, ಪುಣ್ಯಾತ್ಮ,” ಎಂದಳು ಗೂಡಿನೊಳಗಿಂದ. ಬೈಗುಳವಾಗಿದ್ದರೂ ಅದರಲ್ಲಿ ಬಿಸಿ ಇರಲಿಲ್ಲ.

ಹದಿಮೂರು ಫೋನುಗಳಲ್ಲಿ ಮೊದಲನೆಯದನ್ನು, ಕಂಡಕ್ಟರಿಗೆ, ಅವಳೇ ಮಾಡಿದಳು. “ನಾನು ಮಾಡ್ತೀನಿ, ತಪ್ಪು ನಂದು” ಎಂದು ತಂತ್ರಜ್ಞ ಕೈ ಚಾಚಿದರೂ ಕೊಡಲಿಲ್ಲ. “ಕಳಿಸಿದೀನಿ ಅಂತ ಅವಳ ಮುಖ ನೋಡಿ ಹೇಳಿದವಳು ನಾನು.” ಸುತ್ತಿಬಳಸಲಿಲ್ಲ. ಅಳತೆ ಕಳೆದುಹೋಗಿದೆ, ನನ್ನ ಕೈಯಿಂದಲೇ ಹೋಗಿದೆ, ನಾಳೆ ಮತ್ತೆ ಬರಬೇಕು, ಎಂದಳು. ಆ ಕಡೆ ಬಸ್ಸಿನ ಸದ್ದು ಕೇಳುತ್ತಿತ್ತು. ಕಂಡಕ್ಟರ್ ಇನ್ನೂ ಮನೆ ತಲುಪಿರಲಿಲ್ಲ.

“ಒಂದನೇ ತಾರೀಖಿಗೆ ಆಗತ್ತಾ?” ಎಂದಳು ಅವಳು. ಬೇರೆ ಏನೂ ಕೇಳಲಿಲ್ಲ.

ಕಾರ್ಖಾನೆಗೆ ಒಂಬತ್ತು ದಿನ ಬೇಕು. ಹತ್ತೊಂಬತ್ತಕ್ಕೆ ಅಳತೆ ಸಿಕ್ಕರೆ ಇಪ್ಪತ್ತೆಂಟಕ್ಕೆ ಕಾಲು. ಮೂವತ್ತು ದಿನದ ತಿಂಗಳು, ನಡಿಗೆ ಕಲಿಯಲು ಮೂರು ದಿನ.

“ನಾಳೆ ಬಂದ್ರೆ ಆಗತ್ತೆ,” ಎಂದಳು ಅಚ್ಚಕ್ಕ.

ಮಾರನೆಯ ಮಧ್ಯಾಹ್ನ ನಿಲ್ದಾಣವಲ್ಲದ ಕಡೆ, ಕೇಂದ್ರದ ಗೇಟಿನ ಎದುರಿಗೇ, ಬಸ್ಸು ನಿಂತಿತು. ಚಾಲಕ ಇಳಿದು ಬಂದು ಊರುಗೋಲು ಕೊಟ್ಟ. ಒಳಗಿನಿಂದ ಯಾರೋ, “ಇದೇನು, ಹೊಸ ಸ್ಟಾಪಾ?” ಎಂದು ಕೂಗಿದರು. “ನನ್ನ ಬಸ್ಸು, ನನ್ನ ಸ್ಟಾಪು,” ಎಂದಳು ಕಂಡಕ್ಟರ್.

ಅಚ್ಚಕ್ಕ ಸ್ಕ್ಯಾನರನ್ನು ಕಾಲಿನ ಸುತ್ತ ಆಡಿಸಿದಳು. ಇನ್ನೊಂದು ಕೈಯಿಂದ ಮೊಣಕಾಲನ್ನು ಕೆಳಗಿನಿಂದ ಹಿಡಿದಿದ್ದಳು. ಸ್ಕ್ಯಾನರಿಗೆ ಅದು ಬೇಕಿರಲಿಲ್ಲ. ನಾಲ್ಕಕ್ಕೆ ಫೈಲು ಫೋಲ್ಡರಿಗೆ ಹೋಯಿತು. ಐದಾಯಿತು. ಬಕೆಟ್ ಕವುಚಿ, ಹಲಗೆ ಒರೆಸಿ, ಅವಳು ಕಂಪ್ಯೂಟರಿನ ಮುಂದೆ ನಿಂತಳು. ಕೈ ಎರಡನ್ನೂ ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

“ಬಿಟ್ಟು ಹೋಗ್ಲಾ?”

“ಬಿಟ್ಟು ಹೋಗಿ,” ಎಂದ ತಂತ್ರಜ್ಞ. ಅಂದೂ ಬಂದಿದ್ದ ಅವನು ಹೊರಡಲು ಬ್ಯಾಗನ್ನು ಹೆಗಲಿಗೇರಿಸಿದ್ದ.

“ಮೊದಲು ಪೆಟ್ಟಿಗೆ ಹೋದ್ರೆ ಅಲ್ಲಿಯವರು ಸಹಿ ಹಾಕಿ ಚೀಟಿ ಕಳಿಸೋರು. ಇದರಲ್ಲಿ ಬಂತು ಅಂತ ಹೇಳೋರು ಯಾರು?”

ಫೈಲುಗಳ ಹೆಸರಿನ ಬಗ್ಗೆ, ಗಾತ್ರದ ಬಗ್ಗೆ ಆರು ಕೇಂದ್ರಗಳಲ್ಲಿ ಪ್ರಶ್ನೆ ಬಂದಿತ್ತು. ಇದನ್ನು ಯಾರೂ ಕೇಳಿರಲಿಲ್ಲ. ತಂತ್ರಜ್ಞ ಬ್ಯಾಗನ್ನು ಮತ್ತೆ ಕೆಳಗಿಟ್ಟ. ಅಳಿಸಿದ್ದನ್ನು ಕಾದಿಡುವ ಸೌಲಭ್ಯವನ್ನು ಚಾಲೂ ಮಾಡಿದ. ‘ಕಾಲು’ ಫೋಲ್ಡರಿನ ಒಳಗೆ ಇನ್ನೊಂದು ಫೋಲ್ಡರು ಮಾಡಿ ಅದಕ್ಕೆ ‘ಬಂತು’ ಎಂದು ಹೆಸರಿಟ್ಟ. ಆಮೇಲೆ ಮೇಲ್ವಿಚಾರಕಿಗೆ ಫೋನ್ ಮಾಡಿದ.

“ದಿನಾ ಬೆಳಿಗ್ಗೆ ಫೈಲನ್ನ ನಿಮ್ಮಲ್ಲಿ ಬೇರೆ ಕಡೆ ನಕಲು ಮಾಡ್ಕೊಂಡ ಮೇಲೆ, ಅದನ್ನ ‘ಬಂತು’ ಒಳಗೆ ಸರಿಸಿಬಿಡಿ, ಮೇಡಂ. ಅಲ್ಲಿಗೆ ಹೋದದ್ದು ಇಲ್ಲಿ ಅಕ್ಕನಿಗೆ ಕಾಣತ್ತೆ… ಇಲ್ಲ, ಆಕೆಗೆ ಕಲಿಯೋಕೆ ಬರುತ್ತೆ. ಕಲಿಸೋಕೆ ನನಗೆ ಬರ್ತಿರ್ಲಿಲ್ಲ.”

ಹತ್ತೊಂಬತ್ತನೇ ತಾರೀಖು ಒಂಬತ್ತಕ್ಕೆ ಮುಂಚೆಯೇ ಅಚ್ಚಕ್ಕ ಪರದೆಯ ಮುಂದೆ ಕೂತಿದ್ದಳು. ಫೈಲು ರಾತ್ರಿಯಿಡೀ ಇದ್ದಲ್ಲೇ ಇತ್ತು. ಒಂಬತ್ತೂ ಹನ್ನೆರಡಕ್ಕೆ ಅದು ಕಣ್ಣೆದುರಿಗೇ ಮಾಯವಾಯಿತು. ಅವಳು ‘ಬಂತು’ ತೆರೆದಳು. ಅಲ್ಲಿತ್ತು.

ಇಪ್ಪತ್ತೆಂಟಕ್ಕೆ ಕಾಲು ಬಂತು. ಬಟ್ಟಲು ಕಾಲಿಗೆ ಸರಿಯಾಗಿ ಕೂತಿತು; ಅಚ್ಚಕ್ಕ ಅಂಚಿನ ಸುತ್ತ ಬೆರಳಾಡಿಸಿ, “ಕಚ್ಚಿದ್ರೆ ಇವತ್ತೇ ಹೇಳ್ಬೇಕು, ನಾಳೆ ಅಲ್ಲ” ಎಂದು ಮೂರು ಸಲ ಹೇಳಿದಳು. ನಡಿಗೆ ಕೋಣೆಯ ಎರಡು ಸರಳುಗಳ ನಡುವೆ ಕಂಡಕ್ಟರ್ ನಿಂತಳು. ಮೊದಲ ಹೆಜ್ಜೆಗೆ ಮೊದಲು ತನಗೆ ತಾನೇ, “ರೈಟ್,” ಎಂದಳು. ಮೂರನೇ ಹೆಜ್ಜೆಗೆ ವಾಲಿದಳು. “ಹೋಲ್ಡಾನ್, ಹೋಲ್ಡಾನ್!” ಎಂದು ಅಚ್ಚಕ್ಕ ಓಡಿಬಂದಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಸರಳಿಗೆ ಒರಗಿ ನಕ್ಕರು. ಮೂವತ್ತರ ಸಂಜೆಗೆ ಅವಳು ಕೇಂದ್ರದ ಹೊರಗಿನ ಐದು ಮೆಟ್ಟಿಲನ್ನು ಪಕ್ಕದ ಕಂಬಿ ಮುಟ್ಟದೆ ಹತ್ತಿದಳು.

ಒಂದನೇ ತಾರೀಖು ನಾಲ್ಕೂ ಮುಕ್ಕಾಲಿಗೆ ತಂತ್ರಜ್ಞನ ಫೋನು ಬಡಿಯಿತು. ಅವನು ಬೇರೊಂದು ಕೇಂದ್ರದಲ್ಲಿ, ಮೇಜಿನ ಕೆಳಗೆ ತಂತಿ ಜೋಡಿಸುತ್ತಿದ್ದ.

“ಪಾಸಾದಳು,” ಎಂದಳು ಅಚ್ಚಕ್ಕ. “ಸೋಮವಾರದಿಂದ ಡ್ಯೂಟಿ. ನನಗೂ ನಿನಗೂ ಅವಳ ಬಸ್ಸಿನಲ್ಲಿ ಜಾಗ ಇರತ್ತಂತೆ, ಆದ್ರೆ ಟಿಕೆಟ್ ಮಾತ್ರ ಬಿಡಲ್ಲವಂತೆ.”

ಮೇಜಿನ ಕೆಳಗೆ ಕೂತೇ ಅವನು ನಕ್ಕ.

“ಇನ್ನೊಂದು ವಿಷಯ, ತಮ್ಮಾ. ಅವಳ ಫೈಲು ಇನ್ನೂ ಇಲ್ಲೇ ‘ಬಂತು’ನಲ್ಲಿದೆ. ಕಾರ್ಖಾನೆಯವರ ಹತ್ತಿರ ಇದೆ ಅಂತ ಮೇಡಂನ ಕೇಳ್ಕೊಂಡೆ. ಕಾಲು ಬಂತು, ಪರೀಕ್ಷೆ ಮುಗೀತು. ಈಗ ಒರೆಸಬಹುದಾ?”

“ಒರೆಸಿ, ಅಕ್ಕಾ.”

ಫೋನಿನಲ್ಲಿ ಒಂದು ಕ್ಲಿಕ್ ಕೇಳಿಸಿತು. ಹಿಂದೆಯೇ, ಕುರ್ಚಿ ಸರಿದ ಸದ್ದು, ಒದ್ದೆ ಬಟ್ಟೆ ಹಿಂಡಿದ ಸದ್ದು.