ಗ್ಯಾರೇಜಿನಲ್ಲಿ ಕೊಳೆತ ಜಿಂಕೆ

ಗ್ಯಾರೇಜಿನ ಬಾಗಿಲು ತೆಗೆದದ್ದೇ ತಡ, ವರ್ನಾಳ ಮುಖಕ್ಕೆ ಬೆಚ್ಚನೆಯ ಗಾಳಿ ಬಡಿಯಿತು. ಅದರ ಹಿಂದೆಯೇ ನಾತ. ಹೊರಗೆ ಉಗುಳಿದ್ದೂ ಗಡ್ಡೆಯಾಗುವಂಥ ಮಿನೆಸೋಟಾದ ಚಳಿ. ಒಳಗೆ ಮಾತ್ರ ವೈಶಾಖ.

ತೊಲೆಗೆ ತೂಗುಹಾಕಿದ್ದ ಜಿಂಕೆ ಅವಳೇ ಹೊಡೆದದ್ದು. ಹೊರಗಿನ ಚಳಿ ಒಳನುಗ್ಗದಂತೆ ಗೋಡೆಯೊಳಗೆಲ್ಲ ನಾರು ತುಂಬಿಸಿದ ಗ್ಯಾರೇಜನ್ನು ಕೆಲವು ದಿನ ನೀರು ಹೆಪ್ಪುಗಟ್ಟುವುದಕ್ಕಿಂತ ಕೂದಲೆಳೆಯಷ್ಟೇ ಬೆಚ್ಚಗಿಟ್ಟರೆ ಮಾಂಸ ಹದವಾಗುತ್ತದೆ. ಇನ್ನೂ ತಣ್ಣಗಾದರೆ ಕಲ್ಲು, ಬಿಸಿಯಾದರೆ ಕೊಳೆ. ಆ ಊರಲ್ಲಿ ಇದು ಎಳೆಗೂಸಿಗೂ ಗೊತ್ತು. ಅವಳ ಗಂಡ ಆರ್ಡೆಲ್‌ಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅವಳು ನಾಲ್ಕು ದಿನ ತಂಗಿಯ ಮನೆಗೆ ಹೋದದ್ದೇ ಸಾಕಾಯಿತು, ಗೆಳೆಯರನ್ನು ಗ್ಯಾರೇಜಿನಲ್ಲಿ ಗುಡ್ಡೆ ಹಾಕಿಕೊಂಡು ಬಿಯರು, ಇಸ್ಪೀಟು ಶುರುಮಾಡಿದ್ದ.

"ಕೈ ಮರಗಟ್ತಿತ್ತು ಕಣೇ, ಎಲೆ ಹಿಡಿಯೋಕೇ ಆಗ್ತಿರ್ಲಿಲ್ಲ. ಹೀಟರ್ ಸ್ವಲ್ಪ ಜಾಸ್ತಿ ಮಾಡ್ದೆ, ಅಷ್ಟೇ."

"ಸ್ವಲ್ಪಾನಾ? ಲೋಳೆ ಸೋರ್ತಿದೆ ನೋಡೋ! ನಿಮಗ್ಯಾರಿಗೂ ಮೂಗೇ ಇರ್ಲಿಲ್ವಾ?"

"ಸಿಗಾರ್ ಸೇದ್ತಿದ್ವಲ್ಲ," ಎಂದು ಹಲ್ಲು ಕಿರಿದ.

ವರ್ನಾಗೆ ಮಾಂಸದ ನಾತಕ್ಕಿಂತ ಆ ನಗುವೇ ಹೆಚ್ಚು ವಾಕರಿಕೆ ತಂದಿತು. ಮೂಗು ಮುಚ್ಚಿಕೊಂಡು ಹತ್ತಿರ ಹೋದಾಗ ಕಂಡಿತು: ಹಿಂದಿನ ತೊಡೆಯೊಂದು ಇಲ್ಲ.

"ಅದೆಲ್ಲಿ?"

"ಪಕ್ಕದ್ಮನೆ ಹಿಲ್ಮಾಗೆ ಕೊಟ್ಟೆ. ಕೊಡ್ತೀನಿ ಅಂತ ನೀನೇ ಮಾತು ಕೊಟ್ಟಿದ್ಯಲ್ಲ? ವಿನಿಗರ್‌ನಲ್ಲಿ ತೊಳೆದೇ ಕೊಟ್ಟಿದ್ದು."

ತೊಳೆದು ಕೊಟ್ಟನಂತೆ, ಪುಣ್ಯಾತ್ಮ! ಅಂದರೆ ಕೆಟ್ಟಿದೆ ಎಂದು ಗೊತ್ತಿದ್ದೇ ಕೊಟ್ಟಿದ್ದ. ಹಿಲ್ಮಾ ಹಣ್ಣು ಮುದುಕಿ, ಆಸ್ಪತ್ರೆಯಿಂದ ಈಗಷ್ಟೇ ಮನೆಗೆ ಬಂದವಳು. ಈ ಹೊಲಸು ಅವಳ ಹೊಟ್ಟೆಗೆ ಬಿದ್ದರೆ ಜೀವಕ್ಕೇ ಸಂಚಕಾರ. ವರ್ನಾ ಕೋಟಿನ ಗುಂಡಿಯನ್ನೂ ಹಾಕದೆ, ಮೊಣಕಾಲುದ್ದದ ಹಿಮದಲ್ಲಿ ಎದ್ದುಬಿದ್ದು ಓಡಿದಳು.

ಹಿಲ್ಮಾ ಅಡುಗೆಮನೆಯಲ್ಲಿ ಕೂತಿದ್ದಳು. ಎದುರಿಗಿದ್ದ ತಟ್ಟೆಯನ್ನು ಬ್ರೆಡ್ಡಿನಿಂದ ಒರೆಸಿ ಚೊಕ್ಕ ಮಾಡಿದ್ದಳು. ಮನೆಯೆಲ್ಲ ಅದೇ ನಾತ.

"ಅಯ್ಯೋ, ತಿಂದೇಬಿಟ್ರಾ? ವಾಸ್ನೆ ಬರ್ಲಿಲ್ವಾ ನಿಮಗೆ?"

ಉತ್ತರಕ್ಕೂ ಕಾಯದೆ ವರ್ನಾ ಆಂಬುಲೆನ್ಸಿಗೆ ಫೋನು ಹಚ್ಚಿದಳು.

"ಬಂತಮ್ಮ, ಬರದೇ ಏನು," ಮುದುಕಿ ಹೊಟ್ಟೆ ಒತ್ತಿ ಹಿಡಿದುಕೊಂಡೇ ನಕ್ಕಳು. "ರುಚೀನೂ ಸ್ವಲ್ಪ ಬೇರೆ ಥರ ಇತ್ತು. ಆದ್ರೆ ನೀನು ಕೊಟ್ಟು ಕಳ್ಸಿದ್ದು ಅಂದ ಆರ್ಡೆಲ್. ನಿನ್ನ ಮನಸ್ಸು ನೋಯ್ಸೋಕಾಗುತ್ತಾ? ಎರಡನೇ ಸಲಾನೂ ಬಡಿಸ್ಕೊಂಡೆ."